ಕಳಿಂಗದಲ್ಲಿ ಕೆತ್ತದ ಮಾತು

(ಬೆಂಗಳೂರಿನ ಸಿದ್ದಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಯುದ್ಧ, ಸಮೃದ್ಧಿ, ರಾಜಕೀಯದ ಆಷಾಢಭೂತಿತನ, ಈ ಮೂರರ ಬಗ್ಗೆ ಮನಸ್ಸಿನಲ್ಲಿರುವುದನ್ನು ಹೇಳಬೇಕೆಂದು ನನ್ನನ್ನು ಕೇಳಿದ್ದಾರೆ. ಇವು ಮೂರು ಬೇರೆ ಬೇರೆ ವಿಷಯಗಳೆಂದು ನನಗೆ ಎಂದೂ ಅನ್ನಿಸಿಲ್ಲ. ಒಂದು ಇನ್ನೊಂದನ್ನು ಹಡೆಯುತ್ತದೆ, ಮೂರನೆಯದು ಆ ಎರಡರ ನಂಟನ್ನು ಮುಚ್ಚಿಡುತ್ತದೆ. ಇತಿಹಾಸ ಪಾಠ ಹೇಳಿ ನಿವೃತ್ತನಾದವನು ನಾನು. ಆದ್ದರಿಂದ ಕಲ್ಲು, ಕಡತ, ವರದಿ ಇವನ್ನೇ ಹಿಡಿದು ಮಾತಾಡುತ್ತೇನೆ. ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಶಾಂತಿಯ ಮಾತು ಎಷ್ಟು ಚೆನ್ನಾಗಿದೆ ಎಂದು ನೋಡಿ ಅದಕ್ಕೆ ಬೆಲೆ ಕಟ್ಟಬಾರದು. ಅದನ್ನು ಯಾರ ಎದುರಿಗೆ ಆಡಿದರು, ಆಡಿದ ಮೇಲೆ ಏನನ್ನು ಬಿಟ್ಟುಕೊಟ್ಟರು ಎಂದು ನೋಡಬೇಕು.

1

ಈ ಸಭಾಂಗಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಅಶೋಕ ಪಿಲ್ಲರ್ ಇದೆ. ಬಸ್ಸಿನವರಿಗೂ ಆಟೋದವರಿಗೂ ಅದೊಂದು ಗುರುತು. ಕಂಬದ ಮೇಲೆ ಸಾರನಾಥದ ಸಿಂಹಗಳ ಪ್ರತಿರೂಪ. ಜಯನಗರ ಬಡಾವಣೆಗೆ 1948ರಲ್ಲಿ ಶಂಕುಸ್ಥಾಪನೆ ಮಾಡಿದವರು ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ. ಹೊಸದಾಗಿ ಸ್ವತಂತ್ರವಾದ ದೇಶ ತನ್ನ ಗುರುತಿಗಾಗಿ ಹಳೆಯ ರಾಜರ ಸಾಲಿನಲ್ಲಿ ಹುಡುಕಿ, ಯುದ್ಧ ಗೆದ್ದು ಅದಕ್ಕಾಗಿ ದುಃಖಪಟ್ಟ ಒಬ್ಬನನ್ನು ಆರಿಸಿಕೊಂಡಿತು. ಆ ಆಯ್ಕೆಯ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ.

ನಮ್ಮ ರಾಜ್ಯದ ಇನ್ನೊಂದು ಸಿದ್ದಾಪುರಕ್ಕೂ ಅಶೋಕನಿಗೂ ಇನ್ನೂ ಹಳೆಯ ಸಂಬಂಧ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅವನ ಕಿರುಶಾಸನಗಳಿವೆ. 1892ರಲ್ಲಿ ಅವುಗಳನ್ನು ಬೆಳಕಿಗೆ ತಂದವರು ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್. ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆಯಿರಲಿ, ಸತ್ಯ ನುಡಿಯಿರಿ ಎಂಬ ಬೋಧನೆ ಅಲ್ಲಿದೆ. ಅದನ್ನು ಬರೆದ ಲಿಪಿಕಾರನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ತಾನು ಲಿಪಿಕಾರ ಎಂಬುದನ್ನು ಅವನು ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡ. ಸಾಮ್ರಾಜ್ಯ ಎಷ್ಟು ದೂರದಿಂದ ಎಷ್ಟು ದೂರಕ್ಕೆ ಕೈ ಚಾಚಿತ್ತು ಎಂಬುದಕ್ಕೆ ಆ ಸಹಿಗಿಂತ ಬೇರೆ ಸಾಕ್ಷಿ ಬೇಡ.

ಅಷ್ಟು ದೂರದಿಂದ ಮೌರ್ಯರು ಇಲ್ಲಿಗೆ ಬಂದದ್ದಾದರೂ ಏಕೆ? ಅವರ ದಕ್ಷಿಣ ಪ್ರಾಂತ್ಯದ ಕೇಂದ್ರ ಸುವರ್ಣಗಿರಿ ಎಂದು ಬ್ರಹ್ಮಗಿರಿಯ ಶಾಸನದಿಂದಲೇ ತಿಳಿಯುತ್ತದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನ ಸಿಕ್ಕಿತು. ಅದನ್ನು ಕಂಡ ಸಿ. ಬೀಡನ್ ಚಿನ್ನದ ಗಣಿಗಳ ಎಂಜಿನಿಯರ್. ಈ ಭಾಗದ ಶಾಸನಗಳು ಚಿನ್ನ ಸಿಗುವ ನೆಲದ ಸುತ್ತಲೇ ಇರುವುದನ್ನು ಪುರಾತತ್ತ್ವಜ್ಞರು ಗಮನಿಸಿದ್ದಾರೆ. ದಯೆಯ ಪಾಠ ಮತ್ತು ಚಿನ್ನದ ಗಣಿ ಒಂದೇ ಬಯಲಿನಲ್ಲಿದ್ದವು. ಇದರಿಂದ ದಯೆಯ ಪಾಠ ಸುಳ್ಳಾಗುವುದಿಲ್ಲ. ಆದರೆ ಪಾಠ ಓದುವಾಗ ಗಣಿಯೂ ನೆನಪಿನಲ್ಲಿರಬೇಕು.

2

ಈಗ ಹದಿಮೂರನೆಯ ಬಂಡೆಶಾಸನಕ್ಕೆ ಬರೋಣ. ಪಟ್ಟಾಭಿಷೇಕವಾಗಿ ಎಂಟು ವರ್ಷಕ್ಕೆ ಅಶೋಕ ಕಳಿಂಗವನ್ನು ಗೆದ್ದ. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು, ಒಂದು ಲಕ್ಷ ಜನ ಕೊಲ್ಲಲ್ಪಟ್ಟರು, ಅದರ ಎಷ್ಟೋ ಪಟ್ಟು ಜನ ಸತ್ತರು ಎಂದು ಅವನೇ ಕೆತ್ತಿಸಿದ. ಗೆದ್ದ ರಾಜನೊಬ್ಬ ತನ್ನ ಕೈಯಿಂದಾದ ಸಾವಿನ ಲೆಕ್ಕವನ್ನು ಪಶ್ಚಾತ್ತಾಪದೊಡನೆ ಬರೆಸಿದ್ದಕ್ಕೆ ಪ್ರಾಚೀನ ಜಗತ್ತಿನಲ್ಲಿ ಸಮನಾದ ಉದಾಹರಣೆ ನನಗೆ ಕಂಡಿಲ್ಲ. ಅಂದು ಸತ್ತವರಲ್ಲಿ ನೂರರಲ್ಲೊಂದು, ಸಾವಿರದಲ್ಲೊಂದು ಪಾಲಿನಷ್ಟು ಜನ ಸತ್ತರೂ ಈಗ ತನಗೆ ಭಾರವೆನಿಸುತ್ತದೆ ಎನ್ನುತ್ತಾನೆ. ತಮಗೇನೂ ಆಗದೆ ಉಳಿದವರೂ ಬಂಧುಮಿತ್ರರಿಗೆ ಬಂದ ಕಷ್ಟದಿಂದ ಗಾಯಗೊಳ್ಳುತ್ತಾರೆ ಎಂಬ ಸೂಕ್ಷ್ಮವೂ ಅಲ್ಲಿದೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಮಾತಿನ ಮುಂದೆ ನಾನು ತಲೆಬಾಗುತ್ತೇನೆ.

ಆದರೆ ಆ ಶಾಸನ ಎಲ್ಲೆಲ್ಲಿದೆ ಎಂಬುದನ್ನೂ ನೋಡಬೇಕು. ಗುಜರಾತಿನ ಗಿರ್ನಾರಿನಲ್ಲಿದೆ. ಹಿಮಾಲಯದ ತಪ್ಪಲಿನ ಕಾಲ್ಸಿಯಲ್ಲಿದೆ. ಈಗ ಪಾಕಿಸ್ತಾನದಲ್ಲಿರುವ ಶಹಬಾಜ್‌ಗಢಿ, ಮನ್ಸೆಹ್ರಾಗಳಲ್ಲಿದೆ. ನಮ್ಮ ಗಡಿಯಾಚೆ, ಆಂಧ್ರದ ಎರ್ರಗುಡಿಯಲ್ಲಿದೆ. ಅಫ್ಘಾನಿಸ್ತಾನದ ಕಂದಹಾರದಲ್ಲಿ ಅದರ ಮೊದಲ ಭಾಗ ಗ್ರೀಕ್ ಭಾಷೆಯಲ್ಲಿ ಸಿಕ್ಕಿದೆ. ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಇಲ್ಲ. ಅಲ್ಲಿ ಹನ್ನೊಂದು, ಹನ್ನೆರಡು, ಹದಿಮೂರನೆಯ ಶಾಸನಗಳನ್ನು ಬಿಟ್ಟು, ಬದಲಿಗೆ ಎರಡು ಪ್ರತ್ಯೇಕ ಶಾಸನಗಳನ್ನು ಕೆತ್ತಿದ್ದಾರೆ. ಕೊಂದೆನೆಂಬ ದುಃಖವನ್ನು ಗ್ರೀಕರಿಗೆ ಹೇಳಿದ ಚಕ್ರವರ್ತಿ, ಯಾರ ಮನೆಯಲ್ಲಿ ಸಾವಾಯಿತೋ ಅವರಿಗೆ ಹೇಳಲಿಲ್ಲ.

ಕರ್ನಾಟಕದವರಾದ ನಮಗೆ ಈ ಸಂಗತಿ ಇನ್ನೂ ಹತ್ತಿರದ್ದು. ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ನದಿಯ ದಡದ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನವಿದೆ. 1986ರಲ್ಲಿ ಆ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ವಿಗ್ರಹ ಒಡೆಯಿತು. ವಿಗ್ರಹದ ಪೀಠವಾಗಿದ್ದ ಕಲ್ಲನ್ನು ಎತ್ತಿ ನೋಡಿದರೆ ಅದು ಅಶೋಕನ ಶಾಸನ. ಹನ್ನೆರಡನೆಯದು ಇದೆ, ಹದಿನಾಲ್ಕನೆಯದು ಇದೆ, ಕಳಿಂಗದ ಆ ಎರಡು ಪ್ರತ್ಯೇಕ ಶಾಸನಗಳೂ ಇವೆ. ಹದಿಮೂರು ಇಲ್ಲ. ಕಳಿಂಗದವರಿಂದ ಮುಚ್ಚಿಟ್ಟ ಮಾತನ್ನು ಭೀಮೆಯ ದಡದವರಿಂದಲೂ ಮುಚ್ಚಿಡಲಾಗಿತ್ತು.

ಅಶೋಕನಿಗೆ ನ್ಯಾಯ ಸಲ್ಲಿಸಿಯೇ ಮುಂದೆ ಹೋಗಬೇಕು. ಆ ಪ್ರತ್ಯೇಕ ಶಾಸನಗಳು ಬರಿಯ ತೇಪೆ ಮಾತುಗಳಲ್ಲ. ಎಲ್ಲ ಜನರೂ ನನ್ನ ಮಕ್ಕಳು ಎನ್ನುತ್ತಾನೆ. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸಿಸಬೇಡಿ ಎಂದು ಅಧಿಕಾರಿಗಳಿಗೆ ಕಟ್ಟಪ್ಪಣೆ ಮಾಡುತ್ತಾನೆ. ಅಸೂಯೆ, ಸಿಟ್ಟು, ಆತುರ, ಸೋಮಾರಿತನಗಳಿಂದ ಆಡಳಿತ ಕೆಡುತ್ತದೆ ಎಂದು ಎಚ್ಚರಿಸುತ್ತಾನೆ. ಇಂದಿನ ಯಾವ ತಾಲ್ಲೂಕು ಕಚೇರಿಯ ಗೋಡೆಗೂ ಅದು ಒಪ್ಪುತ್ತದೆ. ಹಳೆಯ ಗಾಯವನ್ನು ಕೆದಕಬಾರದೆಂಬ ಕರುಣೆಯಿಂದಲೇ ಅವನು ಹದಿಮೂರನ್ನು ಬಿಟ್ಟಿರಬಹುದು. ಆದರೂ ಎರಡು ಸಂಗತಿಗಳು ಉಳಿಯುತ್ತವೆ. ಅದೇ ಹದಿಮೂರನೆಯ ಶಾಸನದಲ್ಲಿ ಕಾಡಿನ ಜನರಿಗೆ, ನಾನು ಪಶ್ಚಾತ್ತಾಪ ಪಟ್ಟಿದ್ದರೂ ನನ್ನ ಕೈಯಲ್ಲಿ ಶಕ್ತಿಯಿದೆ ಎಂಬ ಎಚ್ಚರಿಕೆಯಿದೆ. ಇನ್ನೊಂದು, ಅಷ್ಟೆಲ್ಲ ದುಃಖಪಟ್ಟ ಮೇಲೂ ಅವನು ಕಳಿಂಗವನ್ನು ಹಿಂದಿರುಗಿಸಲಿಲ್ಲ.

ಲೋಕ ಕಂಡ ಅತ್ಯುತ್ತಮ ರಾಜರಲ್ಲೊಬ್ಬನ ಕಥೆಯೇ ಹೀಗಿದ್ದರೆ ಉಳಿದವರನ್ನು ಎಷ್ಟು ಎಚ್ಚರದಿಂದ ನೋಡಬೇಕು, ಯೋಚಿಸಿ.

3

ಸನ್ನತಿ ಮತ್ತು ಮಸ್ಕಿ 1948ರಲ್ಲಿ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಜಯನಗರಕ್ಕೆ ಕಲ್ಲು ಇಟ್ಟ ಅದೇ ವರ್ಷ ಅಲ್ಲಿ ನೆತ್ತರು ಹರಿಯಿತು. ನಿಜಾಮನ ಪರ ಹೋರಾಡುತ್ತಿದ್ದ ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳನ್ನು ಸುಟ್ಟರು, ಕೊಂದರು, ಲೂಟಿ ಮಾಡಿದರು. ಆ ವರ್ಷದ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ಆ ಸೀಮೆಯವರು ಇಂದೂ ಮರೆತಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು, 17ರಂದು ನಿಜಾಮ ಸೋಲೊಪ್ಪಿದ. ರಜಾಕಾರರನ್ನು ತಡೆಯಲೇಬೇಕಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆ ಸೈನ್ಯ ಬರದಿದ್ದರೆ ಕಲಬುರಗಿ, ಬೀದರ್, ರಾಯಚೂರುಗಳು 1956ರಲ್ಲಿ ನಮ್ಮೊಡನೆ ಸೇರುತ್ತಿರಲಿಲ್ಲ.

ಅದರ ನಂತರ ನಡೆದದ್ದು ಬೇರೆ. ಸೈನ್ಯ ಬಂದ ಮೇಲೆ ಸೇಡು ತಿರುಗಿತು. ರಜಾಕಾರರಿಗೂ ತಮಗೂ ಏನೂ ಸಂಬಂಧವಿಲ್ಲದ ಸಾಮಾನ್ಯ ಮುಸಲ್ಮಾನರನ್ನು ಊರೂರುಗಳಲ್ಲಿ ಕೊಂದರು. ಕೇಂದ್ರ ಸರ್ಕಾರ ಪಂಡಿತ್ ಸುಂದರಲಾಲ್ ಅವರ ನೇತೃತ್ವದಲ್ಲಿ ಒಂದು ಸಮಿತಿಯನ್ನು ಕಳಿಸಿತು. ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಜೊತೆಗಿದ್ದರು. ಜಿಲ್ಲೆಜಿಲ್ಲೆ ಸುತ್ತಿ ಅವರು ಕೊಟ್ಟ ಅಂದಾಜು 27 ಸಾವಿರದಿಂದ 40 ಸಾವಿರ ಸಾವು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಾಗಿ ಅವರು ಹೆಸರಿಸಿದ್ದು ಉಸ್ಮಾನಾಬಾದ್, ನಾಂದೇಡ್, ಗುಲ್ಬರ್ಗಾ, ಬೀದರ್. ಕೊನೆಯ ಎರಡು ನಮ್ಮವು. ಕೆಲವು ಕಡೆ ಸಮವಸ್ತ್ರದವರೂ ಲೂಟಿಗೆ ಕೈ ಹಾಕಿದರು ಎಂದು ಬರೆಯಲು ಅವರು ಹಿಂಜರಿಯಲಿಲ್ಲ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಕೆಲವೆಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ದಾಳಿಕೋರರಿಂದ ಕಾಪಾಡಿದರು, ಹಾಗೆ ಕಾಪಾಡಲು ಹೋಗಿ ತಾವೇ ಪ್ರಾಣ ಕಳೆದುಕೊಂಡವರೂ ಇದ್ದರು.

ಸರ್ಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ದಶಕಗಳ ಕಾಲ ಅದು ಕಡತದಲ್ಲಿ ಉಳಿಯಿತು. 2013ರಲ್ಲಿ ಎ.ಜಿ. ನೂರಾನಿಯವರ ಪುಸ್ತಕದಲ್ಲಿ ಅದರ ಪಾಠ ಅಚ್ಚಾಯಿತು. ಅಹಿಂಸೆಯ ಹೆಸರಿನಲ್ಲಿ ಸ್ವಾತಂತ್ರ್ಯ ಪಡೆದ ದೇಶ, ಅಶೋಕನ ಸಿಂಹಗಳನ್ನು ಮುದ್ರೆಯಾಗಿ ಇಟ್ಟುಕೊಂಡ ದೇಶ, ತನ್ನ ಹದಿಮೂರನೆಯ ಶಾಸನವನ್ನು ತಾನೇ ಬರೆಸಿ ಬೀರುವಿನಲ್ಲಿಟ್ಟು ಬೀಗ ಹಾಕಿತು. ಗಾಯ ಕೆದಕಬಾರದು ಎಂಬ ಕಾರಣವೇ ಇಲ್ಲಿಯೂ ಇದ್ದಿರಬಹುದು. ಆದರೆ ಗಾಯ ಯಾರದೋ ಅವರನ್ನು ಯಾರೂ ಕೇಳಲಿಲ್ಲ. ಹೇಳದೆ ಉಳಿದ ಸತ್ಯ ಮನೆಗಳೊಳಗೆ ಪಿಸುಮಾತಾಗಿ ಬದುಕಿತು. ಒಂದು ಮನೆಯಲ್ಲಿ ಗೋರ್ಟಾದ ಹೆಸರು ಮಾತ್ರ, ಇನ್ನೊಂದು ಮನೆಯಲ್ಲಿ ಸೆಪ್ಟೆಂಬರಿನ ನಂತರದ ವಾರಗಳು ಮಾತ್ರ. ಎರಡೂ ನಿಜ. ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳುವ ಜಾಗವನ್ನು ನಾವು ಕಟ್ಟಲಿಲ್ಲ. ಆ ಖಾಲಿ ಜಾಗದಲ್ಲಿ ಚುನಾವಣೆಗೊಮ್ಮೆ ಯಾರು ಬೇಕಾದರೂ ಬಂದು ತಮಗೆ ಬೇಕಾದ ಅರ್ಧವನ್ನು ಕೂಗಬಹುದಾಗಿದೆ.

4

ಇನ್ನು ಸಮೃದ್ಧಿಯ ಮಾತು. ಇದನ್ನು ದೂರದವರ ಮೇಲೆ ಹೊರಿಸಿ ಮಾತಾಡಲು ನನಗೆ ಹಕ್ಕಿಲ್ಲ. ಬೆಂಗಳೂರಿನ ಹೆಸರು ಮೊದಲು ಕಾಣಿಸುವುದೇ ಬೇಗೂರಿನ ವೀರಗಲ್ಲೊಂದರಲ್ಲಿ, ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿನ ಬೆಂಗಳೂರು ಕಾಳಗದಲ್ಲಿ ಸತ್ತವನೊಬ್ಬನ ನೆನಪಾಗಿ. 1791ರ ಮಾರ್ಚಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಮೊದಲು ಪೇಟೆಯನ್ನು, ಎರಡು ವಾರದಲ್ಲಿ ಕೋಟೆಯನ್ನು ಹಿಡಿದ. 1809ರಲ್ಲಿ ಬಂದ ದಂಡಿನಿಂದಲೇ ಊರಿನ ಅರ್ಧ ಭಾಗ ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ಊರಿನ ದೊಡ್ಡ ನೆಗೆತಕ್ಕೆ ಕಾರಣವಾದದ್ದು ಎರಡನೆಯ ಮಹಾಯುದ್ಧ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಬಂಡವಾಳದ ಜೊತೆಗೂಡಿ ವಿಮಾನ ಕಾರ್ಖಾನೆ ಹೂಡಿದರು. ಮರುವರ್ಷ ಭಾರತ ಸರ್ಕಾರ ಪಾಲುದಾರನಾಯಿತು, 1943ರಲ್ಲಿ ಅದು ಅಮೆರಿಕದ ವಾಯುಪಡೆಯ ವಿಮಾನಗಳನ್ನು ದುರಸ್ತಿ ಮಾಡುವ ನೆಲೆಯಾಯಿತು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಮಾನ ವಿಜ್ಞಾನದ ವಿಭಾಗ ಹುಟ್ಟಿದ್ದು 1942ರಲ್ಲಿ. ಪ್ಯಾರಾಶೂಟಿಗೆ ಬೇಕೆಂದು ಮೈಸೂರಿನ ರೇಷ್ಮೆಗೆ ಬೇಡಿಕೆ ಏರಿತು. 1941ರ ಜನಗಣತಿಯಲ್ಲಿ ನಾಲ್ಕು ಲಕ್ಷ ಚಿಲ್ಲರೆಯಿದ್ದ ಬೆಂಗಳೂರು 1951ರಲ್ಲಿ 7.79 ಲಕ್ಷ ಮುಟ್ಟಿತು. ಅಷ್ಟು ಜನಕ್ಕೆ ಮನೆ ಬೇಕಾಗಿದ್ದರಿಂದಲೇ ಜಯನಗರದಂಥ ಬಡಾವಣೆಗಳು ಬಂದವು. ನಾವು ಕೂತಿರುವ ಈ ಸುತ್ತಮುತ್ತಲ ನೆಲದ ಬೆಲೆಯಲ್ಲಿ ಆ ಯುದ್ಧದ ಪಾಲಿದೆ.

ಅದೇ ಯುದ್ಧ ಬೇರೆ ಕಡೆ ಏನು ಮಾಡಿತು? 1942ರಲ್ಲಿ ಬರ್ಮಾ ಜಪಾನಿಗೆ ಬಿದ್ದಾಗ ಅಲ್ಲಿಂದ ಬರುವ ಅಕ್ಕಿ ನಿಂತಿತು. ಅಕ್ಕಿ ಸಿಗದ ಆ ದಿನಗಳಲ್ಲಿ ರವೆ ಇಡ್ಲಿ ಮಾಡಲು ಶುರುಮಾಡಿದೆವು ಎಂದು ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನವರು ಹೇಳುತ್ತಾರೆ. ನಮಗೆ ಅಕ್ಕಿಯ ಬದಲು ರವೆ ಇತ್ತು. ಬಂಗಾಳದ ಬಡವರಿಗೆ ಅಕ್ಕಿಯ ಬದಲು ಏನೂ ಇರಲಿಲ್ಲ. 1943ರ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂದು ಅಂದಾಜು. ಆಗ ಬ್ರಿಟನ್ನಿನ ಪ್ರಧಾನಿಯಾಗಿದ್ದ ಚರ್ಚಿಲ್ ತರುಣನಾಗಿದ್ದಾಗ, 1896ರಿಂದ, ಬೆಂಗಳೂರಿನ ದಂಡಿನಲ್ಲಿ ಇದ್ದವನು. 1941ರ ಆಗಸ್ಟಿನಲ್ಲಿ ರೂಸ್‌ವೆಲ್ಟ್ ಜೊತೆ ಸೇರಿ, ಪ್ರತಿ ಜನತೆಗೂ ತನ್ನ ಸರ್ಕಾರವನ್ನು ತಾನೇ ಆರಿಸಿಕೊಳ್ಳುವ ಹಕ್ಕಿದೆ ಎಂದು ಸಾರಿದ. ಮುಂದಿನ ತಿಂಗಳು ಪಾರ್ಲಿಮೆಂಟಿನಲ್ಲಿ, ಆ ಮಾತು ನಾಜಿಗಳು ಹಿಡಿದ ದೇಶಗಳಿಗೆ, ಭಾರತಕ್ಕಲ್ಲ ಎಂಬ ಅರ್ಥ ಬರುವಂತೆ ವಿವರಿಸಿದ. ಸ್ವಾತಂತ್ರ್ಯಕ್ಕಾಗಿ ನಡೆದ ಯುದ್ಧದ ಆಷಾಢಭೂತಿತನ ಅದು. ಆ ಯುದ್ಧ ಹಿಟ್ಲರನನ್ನು ಸೋಲಿಸಿತು ಎಂಬುದೂ ಅಷ್ಟೇ ನಿಜ. ಒಂದು ನಿಜವನ್ನು ಒಪ್ಪಿಕೊಳ್ಳಲು ಇನ್ನೊಂದನ್ನು ನುಂಗಬೇಕಾಗಿಲ್ಲ.

ನನ್ನ ಮನೆಯ ಮಾತನ್ನೂ ಹೇಳಬೇಕು. ನಮ್ಮ ತಂದೆ ಅದೇ ವಿಮಾನ ಕಾರ್ಖಾನೆಯಲ್ಲಿ, ಅಂದರೆ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿ ತಯಾರಾದ ನ್ಯಾಟ್ ವಿಮಾನಗಳು 1965ರ ಯುದ್ಧದಲ್ಲಿ ಹೆಸರು ಮಾಡಿದಾಗ ನಮ್ಮ ಬೀದಿಯೆಲ್ಲ ಹಿಗ್ಗಿತು. ಕಾರ್ಖಾನೆಯಲ್ಲಿ ಓವರ್‌ಟೈಮ್ ಹೆಚ್ಚಿತು. ಆ ದುಡ್ಡಿನಲ್ಲಿ ಅಕ್ಕನ ಮದುವೆಗೆ ಒಡವೆ ಬಂತು, ನನ್ನ ಹೈಸ್ಕೂಲು ಫೀಜಿಗೂ ಚಿಂತೆ ತಪ್ಪಿತು. ಅದೇ ದಿನಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಗಳ ಕರೆಗೆ ಓಗೊಟ್ಟು ಅಮ್ಮ ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲ. ನಮ್ಮ ಮನೆಯ ದೇಶಪ್ರೇಮ ನಿಜವಾದದ್ದು, ತಂದೆಯ ದುಡಿಮೆ ಪ್ರಾಮಾಣಿಕವಾದದ್ದು. ಆದರೂ ನಮ್ಮ ಏಳಿಗೆಗೂ ಯಾವುದೋ ಊರಿನ ಯಾರದೋ ಸೂತಕಕ್ಕೂ ನಡುವೆ ಒಂದು ದಾರವಿತ್ತು. ಅದನ್ನು ಕಾಣಲು ನನಗೆ ಬಹಳ ವರ್ಷ ಬೇಕಾಯಿತು. ಕಂಡ ಮೇಲೆ ತಂದೆಯ ಬಗ್ಗೆ ಗೌರವ ಕಡಿಮೆಯಾಗಲಿಲ್ಲ. ಯುದ್ಧದ ಬಗ್ಗೆ ಹಗುರವಾಗಿ ಮಾತಾಡುವವರನ್ನು ಸಹಿಸುವುದು ಮಾತ್ರ ಕಷ್ಟವಾಯಿತು.

ಇಂದು ಆ ದಾರ ಹಗ್ಗವಾಗಿದೆ. 2024ರಲ್ಲಿ ಜಗತ್ತಿನ ಸೇನಾ ವೆಚ್ಚ 2.7 ಲಕ್ಷ ಕೋಟಿ ಡಾಲರ್ ದಾಟಿತೆಂದು ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆ ಲೆಕ್ಕ ಕೊಟ್ಟಿದೆ. ವಿಶ್ವಸಂಸ್ಥೆಯಲ್ಲಿ ಶಾಂತಿ ಕಾಯಬೇಕಾದ ಭದ್ರತಾ ಮಂಡಳಿಯ ಕಾಯಂ ಸದಸ್ಯ ದೇಶಗಳೇ ಆಯುಧ ಮಾರುವವರ ಮುಂಚೂಣಿಯಲ್ಲಿವೆ. ನಮ್ಮ ದೇಶದ ರಕ್ಷಣಾ ರಫ್ತು 2013-14ರಲ್ಲಿ 686 ಕೋಟಿ ರೂಪಾಯಿ ಇದ್ದದ್ದು 2024-25ರಲ್ಲಿ 23,622 ಕೋಟಿ ಆಯಿತೆಂದು ಸರ್ಕಾರ ಹೆಮ್ಮೆಯಿಂದ ಹೇಳಿದೆ. ನಮ್ಮ ರಕ್ಷಣೆಗೆ ಆಯುಧ ಬೇಕು, ಅದನ್ನು ನಾವೇ ಮಾಡಿಕೊಳ್ಳುವುದು ಒಳ್ಳೆಯದು. ಆದರೆ ಮಾರಿದ್ದು ಯಾರ ಮೇಲೆ ಸಿಡಿಯಿತು ಎಂದು ಕೇಳುವ ಅಭ್ಯಾಸವೂ ಆ ಅಂಕಿಯೊಡನೆ ಬೆಳೆಯಬೇಕು. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಹಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ. ನಾವೆಲ್ಲ ಅತ್ತೆವು. ಅದೇ ವರ್ಷ ಯೂರೋಪು ರಷ್ಯಾವನ್ನು ಖಂಡಿಸುತ್ತಲೇ ಅದರ ಅನಿಲ ಕೊಂಡಿತು, ನಾವು ಶಾಂತಿಯ ಮಾತಾಡುತ್ತಲೇ ಅದರ ಅಗ್ಗದ ಕಚ್ಚಾ ತೈಲ ಕೊಂಡೆವು. ಕೊಳ್ಳಲು ಕಾರಣಗಳಿದ್ದವು, ಬಡವರ ಅಡುಗೆಮನೆಯೂ ಆ ಕಾರಣಗಳಲ್ಲಿ ಒಂದು. ಆದರೆ ಆ ಹುಡುಗನ ತಾಯಿಯ ಎದುರು ನಿಂತು ಪೂರ್ತಿ ಮಾತನ್ನು ಹೇಳಲು ನಮ್ಮಲ್ಲಿ ಯಾರಿಗೆ ಧೈರ್ಯವಿತ್ತು?

5

ಹಾಗಾದರೆ ಮಾದರಿ ಎಲ್ಲಿದೆ? ದೂರ ಹೋಗಬೇಕಾಗಿಲ್ಲ. ಜೈನ ಪುರಾಣದ ಅಣ್ಣತಮ್ಮಂದಿರಾದ ಭರತ ಬಾಹುಬಲಿಯರ ಸೇನೆಗಳು ಎದುರುಬದುರು ನಿಂತಾಗ ಎರಡೂ ಕಡೆಯ ಮಂತ್ರಿಗಳು ಸೇರಿ ಸೈನಿಕರನ್ನು ಸಾಯಿಸುವುದು ಬೇಡ ಎಂದು ತೀರ್ಮಾನಿಸಿದರು. ರಾಜ್ಯ ಬೇಕಾದವರು ತಾವೇ ಸೆಣಸಲಿ ಎಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಇಟ್ಟರು. ಬಾಹುಬಲಿ ಮೂರನ್ನೂ ಗೆದ್ದ. ಗೆದ್ದ ಗಳಿಗೆಯಲ್ಲೇ, ಸೋತವನ ಕಣ್ಣೆದುರಲ್ಲೇ, ಗೆದ್ದದ್ದನ್ನೆಲ್ಲ ಬಿಟ್ಟುಕೊಟ್ಟ. ಪಶ್ಚಾತ್ತಾಪಕ್ಕೆ ನಮ್ಮ ನಾಡು ಇಟ್ಟ ಅಳತೆ ಇದು. ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿ, ಹಲವು ಕದನಗಳಲ್ಲಿ ಕತ್ತಿ ಹಿಡಿದವನು. ಯುದ್ಧವನ್ನು ಬಲ್ಲವನೇ ಬೆಟ್ಟದ ತುದಿಯಲ್ಲಿ ಯುದ್ಧವನ್ನು ತೊರೆದವನನ್ನು ಕಡೆಸಿದ. ಎಲ್ಲೆಡೆಯಿಂದ ಕಾಣುವ ಹಾಗೆ ಕಡೆಸಿದ.

ಯಾರ ಎದುರಿಗೆ ಆಡಿದರು, ಏನನ್ನು ಬಿಟ್ಟುಕೊಟ್ಟರು ಎಂಬ ಎರಡು ಅಳತೆಗಳನ್ನು ಹಿಡಿದು ನಾವು ನಾಯಕರನ್ನು ಕೇಳಬೇಕು, ಅವರು ಯಾವ ಪಕ್ಷದವರೇ ಆಗಿರಲಿ. ಶಾಂತಿಯ ಮಾತನ್ನು ಎಲ್ಲಿ ಆಡಿದಿರಿ, ಚಪ್ಪಾಳೆ ಸಿಗುವ ಕಡೆಯೋ, ಕಣ್ಣೀರು ಇರುವ ಕಡೆಯೋ? ಆಡಿದ ಮೇಲೆ ಏನನ್ನು ಬಿಟ್ಟುಕೊಟ್ಟಿರಿ? ಶೌರ್ಯದ ಭಾಷಣ ಮಾಡುವವರನ್ನೂ ಕೇಳಬೇಕು: ಹುತಾತ್ಮನ ಮನೆಗೆ ಮೆರವಣಿಗೆಯ ದಿನ ಹೋದ ನೀವು, ಅವನ ಹೆಂಡತಿ ಪಿಂಚಣಿಗಾಗಿ ಕಚೇರಿ ಅಲೆಯುವ ದಿನ ಎಲ್ಲಿದ್ದಿರಿ?

ಕೇಳುವುದರ ಜೊತೆಗೆ ನಾವು ಮಾಡಬಹುದಾದ ಒಂದು ಕೆಲಸವನ್ನು ಈ ವೇದಿಕೆಯಿಂದ ಸೂಚಿಸುತ್ತೇನೆ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ವಿಮೋಚನೆಯ ದಿನ ಆಚರಿಸುತ್ತಾರೆ, ಬಾವುಟ ಹಾರಿಸುತ್ತಾರೆ. ಹಾರಿಸಲಿ, ಅದು ಆ ಜನ ಕಷ್ಟಪಟ್ಟು ಪಡೆದ ದಿನ. ಅದೇ ದಿನ, ಅದೇ ಮೈದಾನದಲ್ಲಿ, ಗೋರ್ಟಾದಲ್ಲಿ ರಜಾಕಾರರಿಗೆ ಬಲಿಯಾದವರನ್ನು ನೆನೆಯಲಿ. ಆಮೇಲೆ ಸುಂದರಲಾಲ್ ಸಮಿತಿಯ ವರದಿಯನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ಗಟ್ಟಿಯಾಗಿ ಓದಲಿ. ತಮ್ಮವರಲ್ಲದವರನ್ನು ಕಾಪಾಡಿ ಸತ್ತ ಆ ನೇಕಾರರ ಭಾಗವನ್ನು ಮಕ್ಕಳ ಕೈಯಲ್ಲಿ ಓದಿಸಲಿ. ಸರ್ಕಾರ ಮಾಡದಿದ್ದರೆ ಶಿಕ್ಷಕರು, ಓದುಗರ ಬಳಗಗಳು, ಸಾಹಿತ್ಯ ಸಂಘಟನೆಗಳು ಮಾಡಲಿ. ಅನುವಾದದ ಕೆಲಸಕ್ಕೆ ನಾನು ಸಿದ್ಧನಿದ್ದೇನೆ, ಜೊತೆಗೆ ಬರುವವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಬೇಕು. ಸತ್ತವರ ನಾಡಿನಲ್ಲಿ, ಸತ್ತವರ ಮೊಮ್ಮಕ್ಕಳ ಎದುರಿಗೆ ಸತ್ಯವನ್ನು ಓದುವ ಕೆಲಸ ಚಕ್ರವರ್ತಿಯಿಂದ ಆಗಲಿಲ್ಲ. ಪ್ರಜೆಗಳಾದ ನಮ್ಮಿಂದ ಆಗುತ್ತದೆ ಎಂದು ನಾನು ನಂಬಿದ್ದೇನೆ.